ಫೋನ್ ಪರದೆಯ ರೆಸಲ್ಯೂಷನ್ ಎಷ್ಟಿರಬೇಕು? ಬ್ಯಾಟರಿ ಉಳಿಸಲು ಮೊದಲು ಎಲ್ಲಿ ಕೈ ಹಾಕಬೇಕು?

ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿತ್ತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಮತ್ತೆ ಕರೆಂಟ್ ಯಾವಾಗ ಬಂದೀತೆಂದು ಯಾರೂ ಹೇಳಲಾರರು. ಆಗ ಟಾರ್ಚು, ಅಡಿಕೆ ಧಾರಣೆ, ಬೆಂಗಳೂರಲ್ಲಿರುವ ಮಕ್ಕಳ ಮಾತು ಎಲ್ಲವೂ ಅದೊಂದೇ ಫೋನಿನಲ್ಲಿ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಕಷ್ಟ ಬೇರೆ. ಅಲ್ಲಿ ಸಮುದ್ರದಂಚಿನ ಬಿಸಿಲಿಗೆ ಪರದೆಯೇ ಕಾಣುವುದಿಲ್ಲ, ಕಾಣಲೆಂದು ಬೆಳಕು ಏರಿಸಿದರೆ ಮಧ್ಯಾಹ್ನದೊಳಗೆ ಬ್ಯಾಟರಿ ಅರ್ಧ. ಎರಡೂ ಕಡೆಯವರು ಕೇಳುವ ಪ್ರಶ್ನೆ ಮಾತ್ರ ಒಂದೇ: ರೆಸಲ್ಯೂಷನ್, ಅಂದರೆ ಪರದೆಯ ಚಿತ್ರವನ್ನು ಕಟ್ಟುವ ಚುಕ್ಕೆಗಳ (ಪಿಕ್ಸೆಲ್) ಸಂಖ್ಯೆ, ಇಳಿಸಿದರೆ ಚಾರ್ಜ್ ಹೆಚ್ಚು ಹೊತ್ತು ಬರುತ್ತದೆಯೇ?

ಸ್ವಲ್ಪ ಬರುತ್ತದೆ. ಆಟ ಆಡುವವರಿಗೆ ಚೆನ್ನಾಗಿಯೇ ಬರುತ್ತದೆ. ಓದುವುದು, ವಾಟ್ಸ್‌ಆ್ಯಪ್, ಕರೆ ಇಷ್ಟೇ ಬಳಕೆಯಾದರೆ ಬೆಳಕು, ರಿಫ್ರೆಶ್ ರೇಟ್ (ಪರದೆ ಹೊಸದಾಗುವ ವೇಗ) ಮತ್ತು ಸಿಗ್ನಲ್ ಈ ಮೂರನ್ನು ಸರಿಪಡಿಸಿದರೆ ಸಿಗುವ ಲಾಭದ ಮುಂದೆ ರೆಸಲ್ಯೂಷನ್ನಿನದು ಸಣ್ಣ ಪಾಲು. ಹಾಗಾಗಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಪರದೆ ಯಾವುದೆಂದು ತಿಳಿಯಿರಿ

ಫೋನಿನ ಡಬ್ಬಿಯ ಮೇಲೋ ಕಂಪನಿಯ ಜಾಲತಾಣದಲ್ಲೋ ಎರಡು ಸಂಖ್ಯೆ ಇರುತ್ತವೆ. ಇವತ್ತಿನ ಉದ್ದನೆಯ ಫೋನುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಜಾತಿ. 720 × 1600 ಇದ್ದರೆ ಎಚ್‌ಡಿ ಪ್ಲಸ್, ಒಟ್ಟು ಸುಮಾರು 11.5 ಲಕ್ಷ ಪಿಕ್ಸೆಲ್. 1080 × 2400 ಇದ್ದರೆ ಫುಲ್ ಎಚ್‌ಡಿ ಪ್ಲಸ್, ಸುಮಾರು 26 ಲಕ್ಷ. 1440 × 3200 ಇದ್ದರೆ ಕ್ವಾಡ್ ಎಚ್‌ಡಿ ಪ್ಲಸ್, ಸುಮಾರು 46 ಲಕ್ಷ. ಮೊದಲನೆಯದಕ್ಕೂ ಮೂರನೆಯದಕ್ಕೂ ಸರಿಯಾಗಿ ನಾಲ್ಕು ಪಟ್ಟು ವ್ಯತ್ಯಾಸ. ಅಂಗಳ ದೊಡ್ಡದಾದಷ್ಟೂ ಸಾರಿಸುವ ಕೈಗೆ ಕೆಲಸ ಹೆಚ್ಚು. ಇಲ್ಲಿ ಸಾರಿಸುವ ಕೈ ಎಂದರೆ ಫೋನಿನೊಳಗಿನ ಗ್ರಾಫಿಕ್ಸ್ ಚಿಪ್.

ಪಿಕ್ಸೆಲ್ ಎಷ್ಟಿವೆ ಎನ್ನುವುದಕ್ಕಿಂತ ಎಷ್ಟು ದಟ್ಟವಾಗಿವೆ ಎನ್ನುವುದು ಕಣ್ಣಿಗೆ ಮುಖ್ಯ. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಎಂಬ ಲೆಕ್ಕವೇ ಪಿಪಿಐ. 6.7 ಇಂಚಿನ ಪರದೆಯಲ್ಲಿ 720ರ ಫೋನಿಗೆ ಸುಮಾರು 262, 1080ಕ್ಕೆ ಸುಮಾರು 393, 1440ಕ್ಕೆ ಸುಮಾರು 524 ಪಿಪಿಐ ಬರುತ್ತದೆ. ಒಳ್ಳೆಯ ದೃಷ್ಟಿಯ ಕಣ್ಣು 30 ಸೆಂಟಿಮೀಟರ್ ದೂರದಿಂದ ಬಿಡಿಸಿ ನೋಡಬಲ್ಲ ಮಿತಿ ಸುಮಾರು 290 ಪಿಪಿಐ. ಆ್ಯಪಲ್ 2010ರಲ್ಲಿ ಐಫೋನ್ 4ರ 326 ಪಿಪಿಐ ಪರದೆಯನ್ನು ರೆಟಿನಾ ಎಂದು ಕರೆದದ್ದು ಇದೇ ಲೆಕ್ಕದ ಮೇಲೆ. ಹತ್ತಿರದ್ದು ಮಂಜಾಗುವ ವಯಸ್ಸಿನವರು ಫೋನನ್ನು 40 ಸೆಂಟಿಮೀಟರ್ ದೂರ ಹಿಡಿಯುತ್ತಾರೆ. ಅವರಿಗೆ ಆ ಮಿತಿ 220ರ ಆಸುಪಾಸಿಗೆ ಇಳಿಯುತ್ತದೆ. ಮನೆಯ ಹಿರಿಯರಿಗೆ ಫೋನ್ ಕೊಡಿಸುವಾಗ ಕ್ವಾಡ್ ಎಚ್‌ಡಿಗೆ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಅಕ್ಷರದ ಗಾತ್ರ ಎರಡು ಹಂತ ಏರಿಸಿ ಕೊಟ್ಟರೆ ಅವರಿಗೆ ಹೆಚ್ಚು ಉಪಕಾರ, ಅದಕ್ಕೆ ಬ್ಯಾಟರಿಯೂ ಖರ್ಚಾಗುವುದಿಲ್ಲ.

ಜೊತೆಗೆ ಪರದೆ ಎಲ್‌ಸಿಡಿಯೋ ಅಮೋಲೆಡ್ಡೋ ಎಂದು ಗೊತ್ತಿರಬೇಕು. ರಾತ್ರಿ ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು ಬೆಳಕನ್ನು ತುದಿಗೇರಿಸಿ. ಪರದೆ ಬೂದು ಬಣ್ಣಕ್ಕೆ ಹೊಳೆದರೆ ಎಲ್‌ಸಿಡಿ, ಆಫ್ ಮಾಡಿಟ್ಟ ಹಾಗೆ ಕಂಡರೆ ಅಮೋಲೆಡ್. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಯಾವಾಗಲೂ ಉರಿಯುತ್ತಿರುತ್ತದೆ. ಅಮೋಲೆಡ್‌ನಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಕಪ್ಪಿದ್ದಲ್ಲಿ ಆರಿರುತ್ತದೆ.

ರೆಸಲ್ಯೂಷನ್ ಇಳಿಸುವುದು ಹೇಗೆ

ಈ ಆಯ್ಕೆ ಎಲ್ಲ ಫೋನುಗಳಲ್ಲಿ ಇಲ್ಲ. 720 ಅಥವಾ 1080ರ ಪರದೆ ಇರುವ ಬಹುತೇಕ ಫೋನುಗಳಲ್ಲಿ ಬದಲಿಸಲು ಏನೂ ಇರುವುದಿಲ್ಲ. ಐಫೋನಿನಲ್ಲೂ ಇಲ್ಲ. ಇರುವುದು ಕ್ವಾಡ್ ಎಚ್‌ಡಿ ಪರದೆಯ ದುಬಾರಿ ಫೋನುಗಳಲ್ಲಿ: ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯ ಅಲ್ಟ್ರಾ, ಗೂಗಲ್ ಪಿಕ್ಸೆಲ್ 7 ಪ್ರೊ, ಒನ್‌ಪ್ಲಸ್‌ನ ಕೆಲವು ಮೇಲ್ದರ್ಜೆಯ ಮಾದರಿಗಳು. ಸೆಟ್ಟಿಂಗ್ಸ್ ತೆರೆದು ಡಿಸ್‌ಪ್ಲೇ ಒತ್ತಿ, ಅಲ್ಲಿ ಸ್ಕ್ರೀನ್ ರೆಸಲ್ಯೂಷನ್ ಎಂಬ ಸಾಲು ಇದ್ದರೆ ಒಳಗೆ ಹೋಗಿ 1080ರದ್ದನ್ನು ಆರಿಸಿ. ಬದಲಿಸುವಾಗ ತೆರೆದಿದ್ದ ಕೆಲವು ಆ್ಯಪ್ ಮುಚ್ಚಿಹೋಗಬಹುದು. ಅರ್ಧ ಬರೆದ ಸಂದೇಶ ಇದ್ದರೆ ಮೊದಲು ಕಳಿಸಿಬಿಡಿ.

ಬದಲಿಸುವ ಮೊದಲು ಈಗ ಎಷ್ಟಿದೆ ಎಂದು ನೋಡಿಕೊಳ್ಳಿ. 2017ರ ಗ್ಯಾಲಕ್ಸಿ ಎಸ್8ರಿಂದ ಹಿಡಿದು ಸ್ಯಾಮ್‌ಸಂಗ್ ತನ್ನ ಕ್ವಾಡ್ ಎಚ್‌ಡಿ ಫೋನುಗಳನ್ನು ಫುಲ್ ಎಚ್‌ಡಿ ಪ್ಲಸ್‌ಗೇ ಹೊಂದಿಸಿ ಕಳಿಸುತ್ತ ಬಂದಿದೆ. ಹಾಗಾಗಿ 1440ರ ಪರದೆಗೆಂದೇ ಹೆಚ್ಚು ದುಡ್ಡು ಕೊಟ್ಟ ಎಷ್ಟೋ ಮಂದಿ ಅದನ್ನು ಒಮ್ಮೆಯೂ ಪೂರ್ತಿ ಬಳಸದೆಯೇ ಫೋನ್ ಬದಲಿಸುತ್ತಾರೆ. ಇದಕ್ಕೂ ಮೊದಲು, 2015ರಲ್ಲಿ, ಸೋನಿ 4ಕೆ ಪರದೆಯ ಎಕ್ಸ್‌ಪೀರಿಯಾ ಝಡ್5 ಪ್ರೀಮಿಯಂ ತಂದಿತ್ತು. ಫೋಟೊ, ವಿಡಿಯೊ ಬಿಟ್ಟರೆ ಬಾಕಿ ಬಹುತೇಕ ಕೆಲಸಗಳನ್ನು ಆ ಫೋನ್ 1080ರಲ್ಲೇ ಮಾಡುತ್ತಿತ್ತು. ತಯಾರಿಸಿದವರಿಗೇ 4ಕೆಯನ್ನು ದಿನವಿಡೀ ಓಡಿಸುವುದು ಬೇಡವೆನಿಸಿತ್ತು ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಒಂದು ಎಚ್ಚರಿಕೆ. ಕಂಪ್ಯೂಟರಿಗೆ ಫೋನ್ ಜೋಡಿಸಿ ಡೆವಲಪರ್ ಆದೇಶ ಕೊಟ್ಟು, 1080ರ ಫೋನನ್ನು 720ಕ್ಕೆ ಇಳಿಸುವ ವಿಡಿಯೊಗಳು ಬಹಳ ಓಡಾಡುತ್ತಿವೆ. ಅದು ಆಗುವ ಕೆಲಸವೇ. ಆದರೆ ಸಾಂದ್ರತೆಯ ಸಂಖ್ಯೆಯನ್ನೂ ತಕ್ಕಂತೆ ಇಳಿಸದಿದ್ದರೆ ಪರದೆಯ ಅಂಶಗಳೆಲ್ಲ ದೈತ್ಯಾಕಾರಕ್ಕೆ ತಿರುಗಿ, ಲಾಕ್ ತೆಗೆಯುವ ಗುಂಡಿಯೂ ಕೈಗೆ ಸಿಗದೆ ಹೋಗಬಹುದು. ಬ್ಯಾಂಕಿನ ಆ್ಯಪ್, ಯುಪಿಐ ಎಲ್ಲ ಇರುವ ನಿತ್ಯದ ಫೋನಿನಲ್ಲಿ ಈ ಪ್ರಯೋಗ ಬೇಡವೆಂದೇ ನನ್ನ ಸಲಹೆ.

ಕನ್ನಡ ಓದಿ ಪರೀಕ್ಷಿಸಿ

ಇಂಗ್ಲಿಷ್ ವಿಮರ್ಶೆಗಳು 720ರ ಪರದೆ ಓದಲು ಸಾಕು ಎನ್ನುತ್ತವೆ. ಅವರ ಲಿಪಿಗೆ ಸಾಕು. ನಮ್ಮ ಅಕ್ಷರದ ಕೆಳಗೆ ಒತ್ತು ಇರುತ್ತದೆ, ಒಮ್ಮೊಮ್ಮೆ ಎರಡಿರುತ್ತವೆ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇವೆಲ್ಲ ಒಂದೇ ಸಾಲಿನ ಎತ್ತರದೊಳಗೆ ಹಿಡಿಸಬೇಕು.

ಎ4 ಪುಟದ ಒಂದು ಪಿಡಿಎಫ್ ತೆಗೆದುಕೊಳ್ಳಿ. ಸೊಸೈಟಿಯ ವಾರ್ಷಿಕ ವರದಿ, ಶಾಲೆಯ ಸುತ್ತೋಲೆ ಯಾವುದಾದರೂ ಆದೀತು. ಪುಟದ ಅಗಲ 21 ಸೆಂಟಿಮೀಟರ್, 6.7 ಇಂಚಿನ ಫೋನಿನ ಅಗಲ ಸುಮಾರು 7. ಅಂದರೆ ಇಡೀ ಪುಟ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ. ಕಾಗದದ ಮೇಲೆ 10 ಪಾಯಿಂಟ್ ಇದ್ದ ಅಕ್ಷರಕ್ಕೆ 720ರ ಪರದೆಯಲ್ಲಿ ಮೇಲಿನಿಂದ ಕೆಳಗೆ ಸಿಗುವುದು 12 ಪಿಕ್ಸೆಲ್ ಮಾತ್ರ. 1080ರಲ್ಲಿ 18, 1440ರಲ್ಲಿ 24. ‘ರಾಷ್ಟ್ರೀಯ’ ಎಂಬ ಪದದ ‘ಷ್ಟ್ರೀ’ಯನ್ನು 12 ಪಿಕ್ಸೆಲ್ಲಿನಲ್ಲಿ ಬಿಡಿಸುವುದು ಯಾವ ಚಿಪ್ಪಿಗೂ ಆಗದ ಕೆಲಸ, ಒತ್ತುಗಳು ಒಂದು ಕಪ್ಪು ಚುಕ್ಕೆಯಾಗಿ ಕೂಡಿಕೊಳ್ಳುತ್ತವೆ. ಮೊದಲು ಮಾಯವಾಗುವುದು ಮಹಾಪ್ರಾಣದ ಸೀಳು: ‘ದ’ ಯಾವುದು ‘ಧ’ ಯಾವುದು, ‘ಬ’ ಯಾವುದು ‘ಭ’ ಯಾವುದು ಎಂದು ಸಂದರ್ಭ ನೋಡಿ ಊಹಿಸಬೇಕಾಗುತ್ತದೆ. ಸುದ್ದಿ ಓದುವಾಗ ಊಹೆ ನಡೆದೀತು. ಜಮೀನಿನ ಕಾಗದದಲ್ಲಿ ಹೆಸರು, ಹಿಸ್ಸಾ, ವಿಸ್ತೀರ್ಣ ನೋಡುವಾಗ ನಡೆಯದು.

ಹಾಗಾಗಿ ನಿಮ್ಮ ಫೋನಿನಲ್ಲಿ ರೆಸಲ್ಯೂಷನ್ ಆಯ್ಕೆ ಇದ್ದರೆ ಇಂಥ ಒಂದು ಪುಟವನ್ನು ಹಿಗ್ಗಿಸದೆ ತೆರೆದು, 1440ರಲ್ಲಿ ಒಮ್ಮೆ, 1080ರಲ್ಲಿ ಒಮ್ಮೆ ಅದೇ ಸಾಲನ್ನು ಓದಿ. 1440ರ ಪರದೆಯಲ್ಲಿ 1080ರ ಚಿತ್ರ ತೋರಿಸುವಾಗ ಮೂರು ಪಿಕ್ಸೆಲ್ಲನ್ನು ನಾಲ್ಕಕ್ಕೆ ಹರಡಬೇಕಾಗುತ್ತದೆ, ಅಂಚು ಸ್ವಲ್ಪ ಮೃದುವಾಗುತ್ತದೆ. ಅದರ ಮೇಲೆ, ಸಾಮಾನ್ಯ ಅಮೋಲೆಡ್ ಪರದೆಗಳಲ್ಲಿ ಪ್ರತಿ ಪಿಕ್ಸೆಲ್ಲಿಗೆ ಮೂರರ ಬದಲು ಎರಡೇ ಉಪಪಿಕ್ಸೆಲ್ (ಪಿಕ್ಸೆಲ್ಲಿನೊಳಗಿನ ಬಣ್ಣದ ಬಿಂದು) ಇರುತ್ತವೆ. ಸಣ್ಣ ಅಕ್ಷರ ದಿನವಿಡೀ ಓದುವ ಗುಮಾಸ್ತರು, ವಕೀಲರು, ಶಿಕ್ಷಕರಿಗೆ ಈ ವ್ಯತ್ಯಾಸ ಕಾಣಿಸಿದರೆ 1440ರಲ್ಲೇ ಇರಲಿ, ಏಕೆಂದರೆ ಓದುವಾಗ ಅದರ ಖರ್ಚು ಅಷ್ಟೇನಿಲ್ಲ. ಸ್ಥಿರವಾಗಿ ನಿಂತ ಪುಟವನ್ನು ಗ್ರಾಫಿಕ್ಸ್ ಚಿಪ್ ಮತ್ತೆ ಮತ್ತೆ ಬಿಡಿಸುವುದಿಲ್ಲ. ಪುಟ ಸರಿದಾಗ, ಚಿತ್ರ ಚಲಿಸಿದಾಗ ಮಾತ್ರ ಅದಕ್ಕೆ ಕೆಲಸ.

ರಿಫ್ರೆಶ್ ರೇಟ್: ಹೆಚ್ಚು ಲಾಭ ಇಲ್ಲಿದೆ

ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬುದು ರಿಫ್ರೆಶ್ ರೇಟ್. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ ಸಿದ್ಧಪಡಿಸಲು ಚಿಪ್ಪಿಗೆ ಸುಮಾರು 16.7 ಮಿಲಿಸೆಕೆಂಡ್ ಇರುತ್ತದೆ, 120ರಲ್ಲಿ 8.3 ಮಾತ್ರ. ಈಗ ಗುಣಿಸಿ ನೋಡಿ. 1440ರ ಪರದೆ 60 ಹರ್ಟ್ಸ್‌ನಲ್ಲಿ ಓಡಿದರೆ ಸೆಕೆಂಡಿಗೆ ಸುಮಾರು 27.6 ಕೋಟಿ ಪಿಕ್ಸೆಲ್. 1080ರ ಪರದೆ 120ರಲ್ಲಿ ಓಡಿದರೆ ಸುಮಾರು 31 ಕೋಟಿ. ರೆಸಲ್ಯೂಷನ್ ಇಳಿಸಿ, ರಿಫ್ರೆಶ್ ರೇಟನ್ನು 120ರಲ್ಲೇ ಬಿಟ್ಟವರ ಫೋನ್ ಹೆಚ್ಚೇ ಕೆಲಸ ಮಾಡುತ್ತಿರಬಹುದು. 2020ರ ಗ್ಯಾಲಕ್ಸಿ ಎಸ್20ಯಲ್ಲಂತೂ 120 ಹರ್ಟ್ಸ್ ಬೇಕೆಂದರೆ ಫುಲ್ ಎಚ್‌ಡಿ ಪ್ಲಸ್‌ಗೆ ಇಳಿಯಲೇಬೇಕಿತ್ತು, ಎರಡೂ ಒಟ್ಟಿಗೆ ಸಿಗುತ್ತಿರಲಿಲ್ಲ.

ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಮೂತ್ ಡಿಸ್‌ಪ್ಲೇ, ಮೋಷನ್ ಸ್ಮೂತ್‌ನೆಸ್ ಅಥವಾ ರಿಫ್ರೆಶ್ ರೇಟ್ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ತಾನೇ ಹೊಂದಿಸಿಕೊಳ್ಳುವ ಆಯ್ಕೆ ಇದ್ದರೆ ಮಾಮೂಲಿ ದಿನಕ್ಕೆ ಅದು ಒಳ್ಳೆಯದು. ಕರೆಂಟ್ ಇಲ್ಲದ ದಿನ 60ಕ್ಕೆ ಇಳಿಸಿ. ಐಫೋನ್ ಪ್ರೊ ಮಾದರಿಗಳಲ್ಲಿ ಲೋ ಪವರ್ ಮೋಡ್ ಹಾಕಿದರೆ ಅದೇ ತಾನಾಗಿ 60ಕ್ಕೆ ಬರುತ್ತದೆ.

ಬೆಳಕು: ಕರಾವಳಿಯವರಿಗೆ ದೊಡ್ಡ ಖರ್ಚು

ಕಾರವಾರದ ಟಾಗೋರ್ ಕಡಲತೀರದಲ್ಲಿ ಮಧ್ಯಾಹ್ನ ಫೋನ್ ತೆರೆದರೆ ಆಟೊ ಬ್ರೈಟ್‌ನೆಸ್ ಬೆಳಕನ್ನು ನೇರ ತುದಿಗೆ ಒಯ್ಯುತ್ತದೆ. ಬೈತಖೋಲ ಬಂದರಿನಲ್ಲಿ ಬೋಟಿನ ಮೇಲೆ ನಿಂತು ಜಿಪಿಎಸ್ ನೋಡುವವರಿಗೂ ಹಾಗೇ, ನೀರಿನ ಪ್ರತಿಫಲನ ಬೇರೆ. ಅಮೋಲೆಡ್ ಫೋನುಗಳಲ್ಲಿ ಕೈಯಿಂದ ಎಷ್ಟು ಎಳೆದರೂ ಸಿಗದ ಹೆಚ್ಚುವರಿ ಬೆಳಕೊಂದು ಆಟೊದಲ್ಲಿ ಮಾತ್ರ ಬಿಸಿಲಿಗೆ ಸಿಗುವುದುಂಟು. ಅದಕ್ಕೇ ಆಟೊ ಬ್ರೈಟ್‌ನೆಸ್ ಆಫ್ ಮಾಡಬೇಡಿ. ನೆರಳಿಗೆ ಬಂದ ಮೇಲೆ ಬೆಳಕು ಇಳಿಯಿತೇ ಎಂದು ಒಮ್ಮೆ ನೋಡಿ, ಇಳಿಯದಿದ್ದರೆ ಮುಂಭಾಗದ ಸೆನ್ಸರ್ ಮೇಲೆ ಸ್ಕ್ರೀನ್ ಗಾರ್ಡ್‌ನ ಅಂಚೋ ಉಪ್ಪಿನ ಕಲೆಯೋ ಇದ್ದೀತು, ಒರೆಸಿ.

ಡಾರ್ಕ್ ಮೋಡ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಮೋಲೆಡ್ ಫೋನುಗಳಲ್ಲಿ ಆರು ಆ್ಯಪ್ ಇಟ್ಟುಕೊಂಡು ಇದನ್ನು ಅಳೆದರು. ಬೆಳಕು 30ರಿಂದ 50 ಶೇಕಡ ಇರುವಾಗ ಉಳಿತಾಯ ಸರಾಸರಿ ಶೇ 3ರಿಂದ 9 ಮಾತ್ರ. ಬೆಳಕು ಪೂರ್ತಿ 100 ಇದ್ದಾಗ ಅದು ಶೇ 39ರಿಂದ 47ಕ್ಕೆ ಏರಿತು. ಮನೆಯೊಳಗೆ ಜಗಲಿಯಲ್ಲಿ ಕೂತು ಫೋನ್ ನೋಡುವವರಿಗೆ ಡಾರ್ಕ್ ಮೋಡ್‌ನಿಂದ ಹೆಚ್ಚೇನೂ ಸಿಗದು. ಬಿಸಿಲಲ್ಲಿ ಕೆಲಸ ಮಾಡುವ ಅಮೋಲೆಡ್ ಫೋನಿನವರಿಗೆ ಭರ್ಜರಿ ಲಾಭ, ಆದರೆ ಅದೇ ಬಿಸಿಲಲ್ಲಿ ಕಪ್ಪು ಹಿನ್ನೆಲೆಯ ಬರಹ ಓದುವುದು ಕಷ್ಟ. ಓದಲು ಬಿಳಿ, ಹಾಡು ಕೇಳುತ್ತ ನಕ್ಷೆ ತೆರೆದಿಟ್ಟುಕೊಳ್ಳಲು ಕಪ್ಪು ಎಂದು ಹಂಚಿಕೊಳ್ಳಿ. ಎಲ್‌ಸಿಡಿಯಲ್ಲಿ ಡಾರ್ಕ್ ಮೋಡ್‌ನಿಂದ ಬ್ಯಾಟರಿ ಉಳಿಯುವುದಿಲ್ಲ ಎಂದೇ ತಿಳಿಯಿರಿ.

ಘಟ್ಟದ ಮೇಲಿನವರು ಸಿಗ್ನಲ್ ನೋಡಬೇಕು

“ಅಪೀ, ಸಂಜೆ ತನಕ ಚಾರ್ಜೇ ಬತ್ತಿಲ್ಲೆ ನೋಡು” ಎಂದು ಶಿರಸಿ ಕಡೆಯ ಹಿರಿಯರು ಫೋನ್ ಮುಂದೆ ಹಿಡಿದಾಗ ಪರದೆಯ ಸೆಟ್ಟಿಂಗ್ ತೆರೆಯುವ ಮೊದಲು ಮೇಲಿನ ಸಿಗ್ನಲ್ ಕಡ್ಡಿ ನೋಡಿ. ಒಂದೋ ಎರಡೋ ಕಡ್ಡಿ ಬಂದು ಹೋಗಿ ಮಾಡುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗಬೇಕು, ಸಿಗ್ನಲ್ ಪೂರ್ತಿ ಹೋದರೆ ಹುಡುಕುತ್ತಲೇ ಇರಬೇಕು. ತೋಟ ಕಣಿವೆಯಲ್ಲಿ, ಟವರ್ ಗುಡ್ಡದ ಆಚೆ. ಅಂಗಿ ಜೇಬಿನಲ್ಲಿ ಪರದೆ ಆರಿದ್ದರೂ ಚಾರ್ಜ್ ಸೋರುತ್ತಿರುತ್ತದೆ. ಕೊಂಕಣ ರೈಲಿನ ಸುರಂಗಗಳಲ್ಲಿ ಓಡಾಡುವಾಗಲೂ, ದೇವಿಮನೆ ಘಟ್ಟ ಇಳಿಯುವಾಗಲೂ ಇದೇ ಕಥೆ.

ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದರೆ ಕರೆಯ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. 5ಜಿ ಬಂದು ಹೋಗುವ ಊರಾದರೆ ಪ್ರಿಫರ್ಡ್ ನೆಟ್‌ವರ್ಕ್ 4ಜಿಗೆ ನಿಲ್ಲಿಸಿ. ಕೊನೆಕೊಯ್ಲಿನ ದಿನ ತೋಟದಲ್ಲಿ ಹೇಗೂ ಸಿಗ್ನಲ್ ಇಲ್ಲವೆಂದಾದರೆ ಏರ್‌ಪ್ಲೇನ್ ಮೋಡ್ ಹಾಕಿ, ಮನೆಗೆ ಬಂದ ಮೇಲೆ ತೆಗೆಯಿರಿ. ಇಷ್ಟು ಮಾಡದೆ ರೆಸಲ್ಯೂಷನ್ ಇಳಿಸಿ ಪ್ರಯೋಜನವಿಲ್ಲ.

ಆಟ ಮತ್ತು ವಿಡಿಯೊ

ರೆಸಲ್ಯೂಷನ್ನಿನ ಭಾರ ನಿಜವಾಗಿ ಬೀಳುವುದು ಆಟದಲ್ಲಿ. ಪ್ರತಿ ಕ್ಷಣ ಇಡೀ ದೃಶ್ಯ ಹೊಸದಾಗಿ ಹುಟ್ಟಬೇಕು. 1440ರಿಂದ 1080ಕ್ಕೆ ಇಳಿದರೆ ಪಿಕ್ಸೆಲ್ ಕೆಲಸ ಅರ್ಧದ ಹತ್ತಿರಕ್ಕೆ ಬರುತ್ತದೆ. ಬಹಳಷ್ಟು ದೊಡ್ಡ ಆಟಗಳು ಪರದೆಗಿಂತ ಕಡಿಮೆ ರೆಸಲ್ಯೂಷನ್ನಿನಲ್ಲಿ ಚಿತ್ರ ಬಿಡಿಸಿ ಆಮೇಲೆ ಹಿಗ್ಗಿಸುತ್ತವೆ, ಹಾಗಾಗಿ ಆಟದೊಳಗಿನ ಗ್ರಾಫಿಕ್ಸ್ ಸೆಟ್ಟಿಂಗೇ ಮುಖ್ಯ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಟದಲ್ಲಿ ಗ್ರಾಫಿಕ್ಸ್ ಸ್ಮೂತ್‌ಗೆ ಇಳಿಸಿ, ಫ್ರೇಮ್ ರೇಟ್ ಮಾತ್ರ ನಿಮಗೆ ಬೇಕಾದಷ್ಟು ಇಟ್ಟುಕೊಂಡರೆ ಕೈಗೆ ಓಟ ಸಿಗುತ್ತದೆ, ಫೋನ್ ಕಾಯುವುದು ಕಡಿಮೆಯಾಗುತ್ತದೆ. ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಇದು ಬಹಳ ಮುಖ್ಯ. ಫೋನ್ ಕಾದಾಗ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಪರದೆಯ ಬೆಳಕೂ ಇಳಿಯುತ್ತದೆ, ಬಿಸಿಯಲ್ಲೇ ದಿನಾ ಇದ್ದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಚಾರ್ಜಿಗೆ ಹಾಕಿಕೊಂಡು ಆಡುವ ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು.

ವಿಡಿಯೊದ ರೆಸಲ್ಯೂಷನ್ ಬೇರೆ, ಪರದೆಯದು ಬೇರೆ. ರಾತ್ರಿಯಿಡೀ ಯಕ್ಷಗಾನದ ವಿಡಿಯೊ ನೋಡುವವರು ಯೂಟ್ಯೂಬಿನ ವಿಡಿಯೊ ಕ್ವಾಲಿಟಿ ಸೆಟ್ಟಿಂಗ್‌ಗೆ ಹೋಗಿ, ಮೊಬೈಲ್ ಡೇಟಾಕ್ಕೆ ಡೇಟಾ ಸೇವರ್ ಆರಿಸಿ, ಇಲ್ಲವೇ ವಿಡಿಯೊ ಓಡುವಾಗ 480 ಎಂದು ಕೊಡಿ. 1080ರ ವಿಡಿಯೊದಲ್ಲಿ ಒಂದು ಚಿತ್ರಕ್ಕೆ 20.7 ಲಕ್ಷ ಪಿಕ್ಸೆಲ್, 480ರಲ್ಲಿ ಸುಮಾರು 4.1 ಲಕ್ಷ. ಸಿಗ್ನಲ್ ತೆಳುವಾಗಿರುವ ಊರಲ್ಲಿ ಇಳಿಸಿಕೊಳ್ಳಬೇಕಾದ ಡೇಟಾ ಕಡಿಮೆಯಾಗುವುದೇ ದೊಡ್ಡ ಉಳಿತಾಯ. ವೇಷದ ಮುಖವರ್ಣಿಕೆ ಹತ್ತಿರದಿಂದ ನೋಡಬೇಕೆನಿಸಿದ ಕಡೆ 1080ಕ್ಕೆ ಏರಿಸಿ, ಭಾಗವತಿಕೆ ಕೇಳುವಷ್ಟು ಹೊತ್ತು 480 ಧಾರಾಳ ಸಾಕು.

ನಿಜಕ್ಕೂ ಉಳಿಯಿತೇ ಎಂದು ಅಳೆಯಿರಿ

ಫೋನ್ ಪೂರ್ತಿ ಚಾರ್ಜ್ ಮಾಡಿ. ಏರ್‌ಪ್ಲೇನ್ ಮೋಡ್ ಹಾಕಿ, ಆಟೊ ಬ್ರೈಟ್‌ನೆಸ್ ತೆಗೆದು ಬೆಳಕನ್ನು ಅರ್ಧಕ್ಕೆ ನಿಲ್ಲಿಸಿ. ಇಂಟರ್ನೆಟ್ ಬೇಡದ ಒಂದು ಆಟವನ್ನು ಎರಡು ಗಂಟೆ ಆಡಿ, ಎಷ್ಟು ಶೇಕಡ ಇಳಿಯಿತೆಂದು ಬರೆದಿಡಿ. ಮರುದಿನ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ, ರೆಸಲ್ಯೂಷನ್ ಮಾತ್ರ ಬದಲಿಸಿ ಮತ್ತೆ ಮಾಡಿ. ಇಪ್ಪತ್ತು ನಿಮಿಷದ ಪರೀಕ್ಷೆ ನಂಬಬೇಡಿ, ಬ್ಯಾಟರಿಯ ಶೇಕಡ ಸಂಖ್ಯೆ ಅಷ್ಟು ನಿಖರವಲ್ಲ. ಒಂದೆರಡು ಶೇಕಡ ಮಾತ್ರ ವ್ಯತ್ಯಾಸ ಬಂದರೆ ಹೆಚ್ಚಿನ ರೆಸಲ್ಯೂಷನ್ನೇ ಇಟ್ಟುಕೊಳ್ಳಿ.

ಹೊಸದು ಕೊಳ್ಳುವಾಗ

ಅಮೋಲೆಡ್, ಫುಲ್ ಎಚ್‌ಡಿ ಪ್ಲಸ್, 5000 ಎಂಎಎಚ್ ಬ್ಯಾಟರಿ: ಈ ಜೋಡಿ ಸಿಕ್ಕರೆ ಕ್ವಾಡ್ ಎಚ್‌ಡಿಯ ಆಸೆ ಬಿಡಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಯಲ್ಲಿ ದುಡ್ಡು ಕಡಿಮೆ ಇದ್ದು 720ರ ಫೋನೇ ಆಗಬೇಕಾದರೆ ಬೇಸರ ಬೇಡ. ಅದೇ ಚಿಪ್ ಕಡಿಮೆ ಪಿಕ್ಸೆಲ್ಲಿನ ಪರದೆಯಲ್ಲಿ ಆಟವನ್ನು ಹೆಚ್ಚು ಸರಾಗವಾಗಿ ಓಡಿಸುತ್ತದೆ, ಬ್ಯಾಟರಿಯೂ ಹೆಚ್ಚು ಬರುತ್ತದೆ. ಸಣ್ಣ ಅಕ್ಷರದ ಕಾಗದ ಓದುವಾಗ ಹಿಗ್ಗಿಸಿ ಓದಬೇಕು, ಅಷ್ಟೆ. ವೇಗದ ಅಂಕಿಗಳನ್ನು ಹೋಲಿಸುವಾಗ ಆನ್‌ಸ್ಕ್ರೀನ್, ಆಫ್‌ಸ್ಕ್ರೀನ್ ಎಂದು ಎರಡು ಸಾಲು ಕಂಡರೆ ಆನ್‌ಸ್ಕ್ರೀನ್ ನೋಡಿ, ಅದು ಆ ಫೋನಿನ ಸ್ವಂತ ಪರದೆಯ ಮೇಲಿನ ಅಂಕಿ. ಆಫ್‌ಸ್ಕ್ರೀನ್ ಎಲ್ಲ ಫೋನುಗಳಿಗೂ ಒಂದೇ ರೆಸಲ್ಯೂಷನ್ ಕೊಟ್ಟು ಚಿಪ್ಪನ್ನು ಮಾತ್ರ ಅಳೆಯುತ್ತದೆ.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪರದೆಯೂ ಚೆಂದವೇ. ಡೆಮೊ ಫೋನ್ ಹಿಡಿದು ಬಾಗಿಲಾಚೆ ಬಿಸಿಲಿಗೆ ಬನ್ನಿ, ಕನ್ನಡದ ಸುದ್ದಿ ಪುಟವೊಂದನ್ನು ತೆರೆದು ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆಯೇ ನೋಡಿ. ಅಂಗಡಿಯವರು ಹೊರಗೆ ಒಯ್ಯಲು ಬಿಡದಿದ್ದರೆ, ಅದೇ ಮಾದರಿ ಇರುವ ಪರಿಚಯದವರ ಫೋನನ್ನು ಹತ್ತು ನಿಮಿಷ ಕೇಳಿ ಪಡೆದು ಇದೇ ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕೊಡಿ.